ಅತ್ತೆಯವರ ಎಡಗೈ

ನನಗೊಂದು ಅಭ್ಯಾಸವಿದೆ. ಎಲ್ಲಿಯಾದರೂ ಸುಮ್ಮನೆ ಕುಳಿತೆನೆಂದರೆ ನನ್ನ ಬಲಗೈ ತನ್ನಷ್ಟಕ್ಕೆ ತಾನೇ ಮುಂದೆ ಚಾಚಿಕೊಂಡು, ಅಂಗೈ ಮೇಲಾಗಿ, ತೊಡೆಯಿಂದ ಗೇಣುದ್ದ ಮೇಲೆ ನಿಂತುಬಿಡುತ್ತದೆ. ನನಗೆ ಅದರ ಅರಿವೇ ಇರುವುದಿಲ್ಲ. ಹೋದ ತಿಂಗಳು ಶಿರಾದಲ್ಲಿ ಮೋಟಾರಿಗೆ ಕಾಯುತ್ತ ಕಟ್ಟೆಯ ಮೇಲೆ ಕುಳಿತಿದ್ದೆ. ಕಡಲೆಕಾಯಿ ಮಾರುವ ಸಾಬರೊಬ್ಬರು ಒಂದು ಹಿಡಿ ಕಡಲೆಕಾಯನ್ನು ಆ ಕೈಗೆ ಹಾಕಿ, ಕಾಸು ಕೇಳದೆ ಮುಂದೆ ಹೋದರು. ನನ್ನ ಕೋಟು, ರುಮಾಲು, ಕನ್ನಡಕ ಎಲ್ಲವನ್ನೂ ನೋಡಿದ ಮೇಲೂ ಹಾಕಿದರೆಂದರೆ ನನ್ನ ಮುಖ ಹೇಗಿದ್ದಿರಬೇಕೆಂದು ನೀವೇ ಊಹಿಸಿಕೊಳ್ಳಿ. ಮನೆಗೆ ಬಂದು ಹೇಳಿದರೆ ನನ್ನಾಕೆ ಪಾರ್ವತಿ, "ತಿಂದ್ರೋ, ಬಿಸಾಕಿದ್ರೋ?" ಎಂದಷ್ಟೇ ಕೇಳಿದಳು. ತಿಂದಿದ್ದೆ.

ಈ ಅಭ್ಯಾಸ ನನಗೆ ಹತ್ತಿದ್ದು ನಮ್ಮ ಅತ್ತೆಯವರಿಗೆ ಲಕ್ವ ಹೊಡೆದ ವರ್ಷ. ಅದನ್ನು ಹೇಳಬೇಕಾದರೆ ಮೊದಲು ಆ ಕಾಲದ ಅತ್ತೆ ಅಳಿಯಂದಿರ ವಿಷಯ ಹೇಳಬೇಕು. ಈಗಿನ ಅಳಿಯಂದಿರು ಅತ್ತೆಯ ಎದುರಿಗೇ ಕುರ್ಚಿ ಎಳೆದುಕೊಂಡು ಕೂತು ಕಾಫಿಗೆ ಸಕ್ಕರೆ ಸಾಲದೆನ್ನುತ್ತಾರೆ. ಆಗ ಹಾಗಿರಲಿಲ್ಲ. ಅಳಿಯ ಒಳಗೆ ಬಂದರೆ ಅತ್ತೆ ಬಾಗಿಲ ಹಿಂದೆ. ಅಳಿಯ ಬಾಗಿಲ ಕಡೆಗೆ ಬಂದರೆ ಅತ್ತೆ ಹಿತ್ತಿಲಲ್ಲಿ. ನನಗೆ ಮದುವೆಯಾಗಿ ಮೂರು ವರ್ಷವಾಗಿದ್ದರೂ ಅತ್ತೆ ಸಿದ್ದಮ್ಮನವರ ವಿಷಯದಲ್ಲಿ ನನಗೆ ಖಚಿತವಾಗಿ ಗೊತ್ತಿದ್ದದ್ದು ಅವರ ಸೀರೆಯ ಅಂಚೊಂದೇ. ಮುಖಾಮುಖಿ ಮಾತಂತೂ ಇಲ್ಲವೇ ಇಲ್ಲ. ಕಳ್ಳಂಬೆಳ್ಳದ ಕೆರೆಯಾಚೆಯ ಅವರ ಊರಿಗೆ ನಾನು ಹೋದಾಗ, ಅವರು ಬಾಗಿಲ ಹಿಂದೆ ನಿಂತು ನಡುಮನೆಯ ಕಂಬಕ್ಕೆ ಹೇಳುವರು: "ನೀರು ಕಾದೈತೆ, ಮೈ ತೊಳ್ಕೊಳೋರು ತೊಳ್ಕೊಬೋದು." ನಾನೂ ಕಂಬದ ಕಡೆಗೆ ನೋಡಿ, "ಆಗಲಿ" ಎನ್ನುವೆ. ಇದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣುತ್ತಿರಲಿಲ್ಲ.

ಇಂಥ ಅತ್ತೆಯವರು ಮಧುಗಿರಿಯ ನಮ್ಮ ಬಾಡಿಗೆ ಮನೆಗೆ ಬಂದದ್ದು ಪ್ಲೇಗಿನ ದೆಸೆಯಿಂದ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು. ಆದರೆ ಆ ವರ್ಷ ಅವರ ಊರಲ್ಲಿ ಇಲಿ ಬಿದ್ದು, ಜನವೆಲ್ಲ ಮನೆಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಗುಡಿಸಲಿನಲ್ಲಿ ಬಾಣಂತನ ಮಾಡುವುದು ಹೇಗೆ? ಮಗಳನ್ನು ಕರೆಸಿಕೊಳ್ಳುವ ಬದಲು ತಾಯಿಯೇ ಬಂದರು. ನಾನಾಗ ಮಧುಗಿರಿಯ ಸ್ಕೂಲಿನಲ್ಲಿ ಮೇಷ್ಟ್ರು. ನಮ್ಮದು ಬೆಟ್ಟದ ಬುಡದ ಮನೆ, ಎರಡೇ ಅಂಕಣ. ಅಷ್ಟು ಇಕ್ಕಟ್ಟಿನಲ್ಲಿ ಒಬ್ಬ ಅಳಿಯನ ಕಣ್ಣಿಗೆ ಬೀಳದೆ ಇರುವುದು ಸಣ್ಣ ವಿದ್ಯೆಯಲ್ಲ. ಅತ್ತೆಯವರು ಹದಿನೈದು ದಿನ ಅದನ್ನು ಸಾಧಿಸಿದರು. ನಾನು ಮನೆಗೆ ಬರುವಾಗ ಬೀದಿಯ ತಿರುವಿನಿಂದಲೇ ಕೆಮ್ಮುತ್ತ ಬರುತ್ತಿದ್ದೆ. ನೆರೆಯವರು ನನಗೆ ಕ್ಷಯವೆಂದು ತಿಳಿದು ಕಷಾಯ ಹೇಳಿಕೊಟ್ಟರು.

ಮಗು ಹುಟ್ಟಿದ ಒಂಬತ್ತನೆಯ ದಿನ. ಬೆಳಿಗ್ಗೆ ನಾನು ರುಮಾಲು ಸುತ್ತಿಕೊಳ್ಳುತ್ತಿದ್ದೆ. ಒಳಕೋಣೆಯಲ್ಲಿ ಅತ್ತೆಯವರು ಮಗಳ ತಲೆಗೂದಲಿಗೆ ಸಾಂಬ್ರಾಣಿ ಹೊಗೆ ಕೊಡುತ್ತಿದ್ದರು. ಕೆಂಡದ ಬಟ್ಟಲು ಕೆಳಗೆ ಬಿದ್ದ ಸದ್ದಾಯಿತು, ಪಾರ್ವತಿ ಕೂಗಿಕೊಂಡಳು. ಕೆಮ್ಮುವುದನ್ನು ಮರೆತು ಒಳಗೆ ಓಡಿದೆ. ಅತ್ತೆಯವರು ಗೋಡೆಗೆ ಒರಗಿ ಕುಸಿದು ಕೂತು, ತಮ್ಮ ಎಡಗೈಯನ್ನು ಬೇರೆ ಯಾರದೋ ಕೈ ನೋಡುವಂತೆ ನೋಡುತ್ತಿದ್ದರು. ತಲೆಯ ಮೇಲೆ ಸೆರಗಿರಲಿಲ್ಲ. ಬಾಯಿ ಬಲಗಡೆಗೆ ಎಳೆದುಕೊಂಡಿತ್ತು. ನಾನು ಅತ್ತೆಯವರ ಮುಖವನ್ನು ಪೂರ್ತಿಯಾಗಿ ನೋಡಿದ್ದು ಅದೇ ಮೊದಲು.

ನಡುಮನೆಯಲ್ಲಿ ಮಂಚ ಹಾಕಿ ಮಲಗಿಸಿದೆವು. ಎಡಗೈ, ಎಡಗಾಲು ಎರಡೂ ಬಿದ್ದಿದ್ದವು. ಅವರ ಮಗ ಗಾಡಿ ಕಟ್ಟಿಕೊಂಡು ಬಂದ. ಆದರೆ ಅಲುಗಾಡಿಸಬಾರದೆಂದು ಬಲ್ಲವರು ಹೇಳಿದ್ದರಿಂದ ಬರಿಯ ಗಾಡಿಯಲ್ಲಿ ಹಿಂದಿರುಗಿದ. ಬಾಣಂತನ ಮಾಡಲು ಬಂದವರು, ಬಾಣಂತಿ, ಒಂಬತ್ತು ದಿನದ ಕೂಸು, ಮೂವರೂ ಮಲಗಿದ್ದ ಆ ಮನೆಯಲ್ಲಿ ಎದ್ದು ಓಡಾಡುತ್ತಿದ್ದವನು ನಾನೊಬ್ಬನೇ. ಅನ್ನ ಮಾಡಿದರೆ ಮುದ್ದೆಯಾಗುತ್ತಿತ್ತು, ಮುದ್ದೆ ಮಾಡಿದರೆ ಗಂಜಿಯಾಗುತ್ತಿತ್ತು.

ಭಾನುವಾರ ಶಿರಾಕ್ಕೆ ಹೋಗಿ ಅಲ್ಲಿನ ಹಕೀಮರೊಬ್ಬರನ್ನು ಕಂಡೆ. ಲಕ್ವಕ್ಕೆ ಅವರ ಕೈಗುಣ ಒಳ್ಳೆಯದೆಂಬ ಮಾತಿತ್ತು. ಅವರು ಕಣ್ಣು ಮುಚ್ಚಿಕೊಂಡು ಎಲ್ಲ ಕೇಳಿದರು.

"ಮಾತು ಹೆಂಗಿದೆ ಮೇಷ್ಟ್ರೇ?"

"ಇಲ್ಲ."

"ಬಿಲ್ಕುಲ್ ಇಲ್ಲ?"

"ಒಂದಕ್ಷರವೂ ಇಲ್ಲ, ಸಾಹೇಬರೇ."

"ಪಾರಿವಾಳದ ದವಾ ಒಂದಿದೆ. ನಿಮ್ಮ ಲಿಂಗವಂತರ ಮನೇಲಿ ಅದನ್ನ ಹೇಳಿದ್ರೆ ನಾಳೆಯಿಂದ ನನ್ನ ಬಾಗಿಲಿಗೆ ಬರಲ್ಲ ನೀವು," ಎಂದು ನಕ್ಕು, ಮೈಗೆ ತಿಕ್ಕಲು ಎಣ್ಣೆ ಕೊಟ್ಟರು. ನಾಲಗೆ ತಿರುಗಲು ಬಜೆಯ ಜೊತೆ ಇನ್ನಾವುದೋ ಚುರುಗುಟ್ಟುವ ಬೇರು ಸೇರಿಸಿದ ಪುಡಿ ಕೊಟ್ಟರು. ಜೇನಿನಲ್ಲಿ ಕಲಸಿ ದಿನಕ್ಕೆರಡು ಸಲ ನೆಕ್ಕಿಸಬೇಕು. ಮನೆಗೆ ಬಂದು ನಾನೂ ಚೂರು ನೆಕ್ಕಿ ನೋಡಿದೆ. ಒಂದು ಗಂಟೆ ನನಗೇ ಮಾತು ಹೊರಡಲಿಲ್ಲ.

ಅಷ್ಟರಲ್ಲಿ ಬೇರೊಂದು ಕಷ್ಟ ತಲೆದೋರಿತ್ತು. ಅತ್ತೆಯವರು ಮೂರು ದಿನದಿಂದ ಊಟವನ್ನೇ ಮುಟ್ಟಿರಲಿಲ್ಲ. ನುಂಗಲಾಗುತ್ತಿಲ್ಲವೆಂದು ನಾವು ತಿಳಿದಿದ್ದೆವು. ಕೊನೆಗೆ ಪಾರ್ವತಿಗೆ ಹೊಳೆಯಿತು. "ಪೂಜೆ ಆಗಿಲ್ಲ ಕಣ್ರೀ, ಅದಕ್ಕೇ ಬಾಯಿ ತೆರೀತಿಲ್ಲ," ಎಂದಳು. ನಮ್ಮಲ್ಲಿ ಹೆಣ್ಣಾಗಲಿ ಗಂಡಾಗಲಿ ಕೊರಳಲ್ಲಿ ಲಿಂಗ ಕಟ್ಟಿಕೊಂಡವರು ಅದನ್ನು ಪೂಜಿಸದೆ ಉಣ್ಣುವಂತಿಲ್ಲ. ಬೆಳ್ಳಿಯ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು, ಬಲಗೈಯಿಂದ ನೀರು, ವಿಭೂತಿ, ಪತ್ರೆ ಏರಿಸಬೇಕು. ಆ ಎಡಗೈಯೇ ಈಗ ಹೋಗಿತ್ತು.

ಮಠದ ಅಯ್ಯನವರನ್ನು ಕರೆತಂದು ಕೇಳಿದೆ. ಅವರು ದಯಾವಂತರು. "ಬಲಗೈಲೇ ಹಿಡೀಲಿ, ಇಲ್ಲ ತಟ್ಟೇಲಿಟ್ಟು ಮಾಡ್ಲಿ. ಶಿವನಿಗೆ ಎಲ್ಲಾ ಗೊತ್ತೈತೆ," ಎಂದರು. ಶಿವನಿಗೆ ಗೊತ್ತಿದ್ದರೂ ಅತ್ತೆಯವರು ಒಪ್ಪಲಿಲ್ಲ. ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು. ನಲವತ್ತು ವರ್ಷ ಯಾವ ಅಂಗೈಯಲ್ಲಿ ಕೂತಿತ್ತೋ ಅಲ್ಲೇ ಕೂರಬೇಕು. ಇನ್ನೆರಡು ದಿನ ಹೀಗೇ ಬಿಟ್ಟರೆ ಲಕ್ವದಿಂದಲ್ಲ, ಹಸಿವಿನಿಂದಲೇ ಹೋಗುತ್ತಾರೆಂಬುದು ನಮಗೆಲ್ಲ ತಿಳಿಯಿತು.

ಯಾರಾದರೂ ಕೆಳಗಿನಿಂದ ಆ ಕೈಯನ್ನು ಎತ್ತಿ ಹಿಡಿದರೆ ಆದೀತು. ಹಿಡಿಯುವವರು ಯಾರು? ಬಾಣಂತಿ ಮುಂಜಾನೆಯ ತಣ್ಣೀರು ಮುಟ್ಟುವಂತಿಲ್ಲ, ಗಾಳಿಗೆ ಬರುವಂತಿಲ್ಲ. ಅವಳು ಹೊಸಿಲು ದಾಟಿದರೆ ಅತ್ತೆಯವರೇ ಬಲಗೈ ಬೀಸಿ ಒಳಕ್ಕೆ ಅಟ್ಟುತ್ತಿದ್ದರು. ಕೂಸಿಗೆ ನೀರು ಹಾಕಲು ಬರುತ್ತಿದ್ದ ಸೂಲಗಿತ್ತಿ ಹನುಮಕ್ಕ, "ಲಿಂಗ ಇಲ್ದೋಳು ನಾನು, ಅದಕ್ಕೆ ಮಾತ್ರ ಕೈ ಹಾಕಕಿಲ್ಲ ಕಣಪ್ಪ," ಎಂದಳು. ಉಳಿದವನು ನಾನು. ನನ್ನ ಸ್ವಂತ ಲಿಂಗಪೂಜೆಯ ಸ್ಥಿತಿ ಹೇಳಿದರೆ ನೀವು ನಗಬಾರದು. ಒಂದು ಕೈಯಲ್ಲಿ ರುಮಾಲು, ಇನ್ನೊಂದರಲ್ಲಿ ಪೂಜೆ, ಕಣ್ಣು ಗಡಿಯಾರದ ಮೇಲೆ. ಅಂಥವನು ಬೆಳಿಗ್ಗೆ ತಣ್ಣೀರು ಸುರಿದುಕೊಂಡು, ಒದ್ದೆ ಪಂಚೆಯಲ್ಲಿ ನಡುಗುತ್ತ ಮಂಚದ ಪಕ್ಕ ಕುಳಿತು, ಅತ್ತೆಯವರ ಎಡಗೈಯ ಕೆಳಗೆ ನನ್ನ ಬಲಗೈ ಚಾಚಿದೆ. ಅವರು ಒಮ್ಮೆ ಗೋಡೆಯನ್ನು, ಒಮ್ಮೆ ನನ್ನ ಕೈಯನ್ನು ನೋಡಿದರು. ಆಮೇಲೆ ತಾವೇ ತಮ್ಮ ಬಲಗೈಯಿಂದ ಎಡಗೈಯನ್ನು ಎತ್ತಿ ನನ್ನ ಅಂಗೈಯಲ್ಲಿಟ್ಟರು. ಅಂದು ಗಂಜಿ ಕುಡಿದರು.

ಆ ಕೈಯ ಭಾರ ನನಗಿನ್ನೂ ನೆನಪಿದೆ. ಸತ್ತ ಕೈಗೆ ಅಷ್ಟು ತೂಕವಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಸೆರಗು ಜಾರಿದರೆ ಸರಿಮಾಡಿಕೊಳ್ಳಲು ಅವರಿಗೆ ಕೈ ಬಿಡುವಿರಲಿಲ್ಲ. ಆದ್ದರಿಂದ ನಾನು ಪೂಜೆ ಮುಗಿಯುವವರೆಗೂ ಗೋಡೆಯ ಮೇಲಿನ ಸುಣ್ಣದ ಬಿರುಕನ್ನು ನೋಡುತ್ತಿದ್ದೆ. ಅದು ಮೈಸೂರು ಸಂಸ್ಥಾನದ ಭೂಪಟದ ಹಾಗಿತ್ತು, ಮಧುಗಿರಿ ಇರಬೇಕಾದ ಕಡೆ ಒಂದು ಮೊಳೆಯಿತ್ತು. ಕೈ ಮಾತ್ರ ಬಿಗಿಯಾಗಿ ಹಿಡಿದಿರುತ್ತಿದ್ದೆ. ಲಿಂಗ ಜಾರಿ ನೆಲಕ್ಕೆ ಬಿದ್ದರೆ ಪ್ರಾಣ ಇಟ್ಟುಕೊಳ್ಳಬಾರದೆಂದು ನಂಬಿದ್ದ ತಲೆಮಾರು ಅವರದು. ಅವರ ಪ್ರಾಣ ಹೋಗುತ್ತಿತ್ತೋ ಇಲ್ಲವೋ, ನನ್ನದಂತೂ ದಿನವೂ ಅರ್ಧ ಗಂಟೆ ಅಂಗೈಯಲ್ಲಿರುತ್ತಿತ್ತು.

ಪೂಜೆಯ ನಂತರ ಔಷಧ. ಚಮಚೆಯನ್ನು ಬಾಯಿಯ ಹತ್ತಿರ ಹಿಡಿದರೆ ಅತ್ತೆಯವರು ಕಣ್ಣು ಮುಚ್ಚಿ ನೆಕ್ಕುತ್ತಿದ್ದರು. ಕಣ್ಣಲ್ಲಿ ನೀರು ತುಂಬುತ್ತಿತ್ತು. ಮಾತು ಬರುತ್ತಿರಲಿಲ್ಲ. ನಾನು ಪ್ರಮಾಣ ಸ್ವಲ್ಪ ಹೆಚ್ಚಿಸಿದೆ.

ಹನುಮಕ್ಕ ನಮ್ಮ ಮನೆಯ ನಿಜವಾದ ವೈದ್ಯೆ. ಕೂಸಿಗೆ ಎಣ್ಣೆ ಹಚ್ಚಿ, ಕೈಕಾಲು ನೀವಿ, ಬಲಗೈಯನ್ನು ಎಡಗಾಲಿಗೆ, ಎಡಗೈಯನ್ನು ಬಲಗಾಲಿಗೆ ತಾಗಿಸಿ ಮಡಿಸಿದ ಮೇಲೆ, ಅದೇ ಎಣ್ಣೆಕೈಯಲ್ಲಿ ಅತ್ತೆಯವರನ್ನೂ ಹಾಗೇ ಮಾಡುತ್ತಿದ್ದಳು. "ಇದೂ ಒಂದು ಕೂಸೇ ಬುಡಿ, ಸ್ವಲ್ಪ ಉದ್ದ ಅಷ್ಟೇ," ಎನ್ನುವಳು. ಹಕೀಮರ ಎಣ್ಣೆಯನ್ನು ಮೂಸಿ ನೋಡಿ ದೀಪಕ್ಕೆ ಹಾಕಲು ಹೇಳಿದಳು. ಯಾರು ಮೊದಲು ಮಗ್ಗುಲು ಹೊರಳುತ್ತಾರೆಂದು ಅವಳಿಗೂ ಪಾರ್ವತಿಗೂ ವಾದವಿತ್ತು. ಅತ್ತೆಯವರೇ ಗೆದ್ದರು, ಎರಡು ತಿಂಗಳು ಮುಂಚೆ.

ಒಂದು ದಿನ ನಾನು ತಪ್ಪು ಮಾಡಿದೆ. ಕೊರಟಗೆರೆಯಲ್ಲಿ ಇನ್ಸ್‌ಪೆಕ್ಟರ್ ಸಾಹೇಬರ ಮುಂದೆ ಮೇಷ್ಟ್ರುಗಳ ಸಭೆಯಿತ್ತು. ಬೆಳಗಾಗುವ ಮೊದಲೇ ಮೋಟಾರು ಹೊರಡುತ್ತದೆಂದು ಗಡಿಬಿಡಿಯಲ್ಲಿ ಹೋಗಿಬಿಟ್ಟೆ. ಒಂದು ದಿನ ಹೇಗೋ ಮಾಡಿಕೊಳ್ಳುತ್ತಾರೆ ಎಂದುಕೊಂಡೆ. ಸಭೆಯಲ್ಲಿ ಮಕ್ಕಳ ಶುಚಿತ್ವದ ಬಗ್ಗೆ ಎರಡು ಗಂಟೆ ಭಾಷಣ ಕೇಳಿ, ಹಿಂದಿರುಗುವಾಗ ದಾರಿಯಲ್ಲಿ ಮೋಟಾರು ಕೆಟ್ಟು, ಯಾರದೋ ಹುಲ್ಲಿನ ಗಾಡಿ ಹತ್ತಿ ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ಪಾರ್ವತಿ ಹೊಸಿಲ ಬಳಿ ನಿಂತಿದ್ದಳು. "ಬೆಳಗಿಂದ ಒಂದು ತೊಟ್ಟು ನೀರು ಕುಡಿದಿಲ್ಲ. ನಾನು ಹಿಡೀತೀನಿ ಅಂದ್ರೆ, ಬಾಣಂತಿ ಹೊರಗೆ ಬಂದ್ರೆ ಸನ್ನಿ ಹಿಡಿಯುತ್ತೆ, ಅವರೇ ಬರ್ಲಿ ಅಂದ್ರು," ಎಂದಳು. ಸನ್ನೆಯಲ್ಲೇ ಇಷ್ಟೆಲ್ಲ ಹೇಳಿದರಲ್ಲ ಎಂದು ನನಗೆ ಆಶ್ಚರ್ಯವಾಯಿತು. ಅದಕ್ಕಿಂತ ನಾಚಿಕೆಯಾಯಿತು. ಕೋಟು ಕಳಚಿ ಎಸೆದು, ಹಿತ್ತಿಲಲ್ಲಿ ನಾಲ್ಕು ಬಿಂದಿಗೆ ಸುರಿದುಕೊಂಡು ಬಂದು ಕೈ ಚಾಚಿದೆ. ಅತ್ತೆಯವರು ನನ್ನ ಮೇಲೆ ಸಿಟ್ಟಾಗಿದ್ದಂತೆ ಕಾಣಲಿಲ್ಲ. ಹಸಿವಿನಿಂದ ಸೋತ ಅವರ ಬಲಗೈಯಿಂದ ವಿಭೂತಿ ನನ್ನ ಮಣಿಕಟ್ಟಿನ ಮೇಲೆಲ್ಲ ಉದುರಿತು. ಅಂದಿನಿಂದ ನಾನು ಒಂದು ಬೆಳಿಗ್ಗೆಯನ್ನೂ ತಪ್ಪಿಸಲಿಲ್ಲ.

ಮುಂದೆ ಎರಡು ವಾರದ ಮೇಲೆ ಮಹಾರಾಜರ ವರ್ಧಂತಿ ಬಂತು. ಮಕ್ಕಳಿಗೆ ಸಕ್ಕರೆ ಹಂಚಿ ಸ್ಕೂಲು ಬೇಗ ಬಿಟ್ಟೆವು. ಸಂತೋಷದಲ್ಲಿ ಕೆಮ್ಮದೆ ಹಿತ್ತಿಲ ಬಾಗಿಲಿನಿಂದ ಬಂದೆ. ಬಚ್ಚಲುಮನೆಯಲ್ಲಿ ಹನುಮಕ್ಕನ ಜೊತೆ ಇನ್ನೊಬ್ಬರು ಮಾತಾಡುತ್ತಿದ್ದರು. ಮಾತು ಸ್ವಲ್ಪ ಎಳೆದೆಳೆದು ಬರುತ್ತಿತ್ತು, ಆದರೆ ಬೈಗುಳದಲ್ಲಿ ಕೊರತೆಯಿರಲಿಲ್ಲ. "ಲೇ ಹನುಮಿ, ಇದು ನೀರೇನೇ? ಹಂದೀನೂ ಒಪ್ಪಕಿಲ್ಲ ಇಷ್ಟು ತಣ್ಣಗಿದ್ರೆ. ಇನ್ನೊಂದು ಸೌದೆ ಇಡಾಕೇನು ನಿನಗೆ ರೋಗ?"

ನಾನು ಸಕ್ಕರೆಯ ಪೊಟ್ಟಣ ಹಿಡಿದುಕೊಂಡು ನಿಂತುಬಿಟ್ಟೆ. ಸೌದೆಗೆಂದು ಹೊರಗೆ ಬಂದ ಹನುಮಕ್ಕ ನನ್ನ ಮುಖ ನೋಡಿ ಅರ್ಥಮಾಡಿಕೊಂಡು, ನುಗ್ಗೆಮರದ ಹತ್ತಿರ ಕರೆದುಕೊಂಡು ಹೋದಳು.

"ಯಾವಾಗ ಮಾತು ಬಂತು ಹನುಮಕ್ಕ?"

"ಬಿದ್ದ ನಾಕನೇ ದಿನಕ್ಕೇ ಬಂತಲ್ಲಪ್ಪ. ನಿಮಗೆ ತಿಳೀದಾ? ಮಗಳ ತಾವ ಮಾತಾಡ್ತಾರೆ, ನನ್ನ ತಾವ ಮಾತಾಡ್ತಾರೆ. ಅಳೀನ ಮುಂದೆ ಎಂಗೆ ಮಾತಾಡಾರು? ಮೊದ್ಲೇ ಆಡ್ತಿರ್ನಿಲ್ಲ. ಈಗ ಬಾಯಿ ಬ್ಯಾರೆ ಸೊಟ್ಟ. ಮಾತು ತೊದ್ಲಿದ್ದು ಕೇಳ್ಬುಟ್ರೆ ಮಾನ ಹೋಯ್ತದೆ ಅಂತ ಕಂಬಕ್ಕೆ ಹೇಳೋದನ್ನೂ ಬುಟ್ಬುಟ್ರು."

"ಹಾಗಾದರೆ ಆ ಔಷಧ?"

"ಅಳಿಯ ಕೊಟ್ಟಿದ್ದ ಬ್ಯಾಡ ಅನ್ನಾಕಾಯ್ತದಾ? ನಾಲಿಗೆ ಎಲ್ಲಾ ಕಿತ್ತೋಗೈತೆ ಪಾಪ. ಕೆಂಡ ನೆಕ್ಕಿಸ್ತಾನೆ ನಿಮ್ಮ ಮೇಷ್ಟ್ರು ಅಂತ ದಿನಾ ಬೈತಾರೆ."

ಐದು ವಾರ, ದಿನಕ್ಕೆರಡು ಸಲ. ಲೆಕ್ಕದ ಮೇಷ್ಟ್ರಾದ ನನಗೆ ಗುಣಿಸುವ ಧೈರ್ಯವಾಗಲಿಲ್ಲ. ಪಾರ್ವತಿಯನ್ನು ಕೇಳಿದರೆ, "ಅದು ಲಕ್ವದ ಔಷಧಿ ಅಂದ್ಕೊಂಡಿದ್ದೆ, ಮಾತಿಗೆ ಅಂತ ನೀವೆಲ್ಲಿ ಹೇಳಿದ್ರಿ? ಅಮ್ಮ ಹಿಂಗಂದ್ರು, ಹಂಗಂದ್ರು ಅಂತ ದಿನಾ ಹೇಳ್ತಿರ್ಲಿಲ್ವಾ?" ಎಂದಳು. ಹೇಳುತ್ತಿದ್ದಳು. ಎಲ್ಲವೂ ಸನ್ನೆಯೆಂದುಕೊಂಡಿದ್ದೆ. ಗೊತ್ತಾಯಿತೆಂದು ಅತ್ತೆಯವರಿಗೆ ತೋರಿಸಿಕೊಳ್ಳುವಂತೆಯೂ ಇರಲಿಲ್ಲ. ಸಂಜೆ ನಡುಮನೆಯ ಗೋಡೆಗೆ ಕೇಳುವ ಹಾಗೆ, "ಔಷಧ ಇನ್ನು ಸಾಕು ಅಂತ ಹಕೀಮರು ಹೇಳಿಕಳಿಸಿದ್ದಾರೆ," ಎಂದೆ. ಮಂಚದ ಕಡೆಯಿಂದ ಒಂದು ನಿಟ್ಟುಸಿರು ಬಂತು.

ಹನುಮಕ್ಕ ಅಂದು ಇನ್ನೊಂದು ಮಾತು ಹೇಳಿದ್ದಳು. "ಪೂಜೇಲಿ ಆ ಕೈನ ಬಿಗಿಯಾಗಿ ಹಿಡೀತೀರಂತೆ. ಅದಕ್ಕೇ ಅದು ಸುಮ್ಕೆ ಬಿದ್ಕಂಡೈತೆ. ಕೂಸನ್ನ ಸೊಂಟದಿಂದ ಇಳಿಸ್ದೆ ಇದ್ರೆ ಅದು ನಡೆಯೋದು ಯಾವಾಗ? ನಿಮ್ಮ ಕೈ ಮಡುಗಿ, ಆದ್ರೆ ಹಿಡೀಬ್ಯಾಡಿ. ಅವ್ರು ನಿಮಗೆ ಹೇಳಾಕಾಗ್ದೆ ಒದ್ದಾಡ್ತಾವ್ರೆ."

ಕೇಳಲು ಸುಲಭ. ಮರುದಿನ ಹಿಡಿತ ಸ್ವಲ್ಪ ಸಡಿಲಿಸಿದೆ. ಅವರ ಕೈ ಒಂದು ಕಡೆಗೆ ವಾಲಿತು, ನಾನು ಬೆದರಿ ಮತ್ತೆ ಬಿಗಿದೆ. ಹೀಗೆ ಎಷ್ಟೋ ದಿನ ನಡೆಯಿತು. ಒಂದು ಬೆಳಿಗ್ಗೆ ಅವರ ಕಿರುಬೆರಳು ನನ್ನ ಅಂಗೈಯಲ್ಲಿ ಅಲುಗಿದ್ದು ತಿಳಿಯಿತು. ಇರುವೆಯೇನೋ ಎಂದು ನೋಡಿದೆ, ಬೆರಳೇ. ಸ್ವಲ್ಪ ದಿನದಲ್ಲಿ ಹೆಬ್ಬೆರಳು ಮಡಚಿಕೊಂಡಿತು. ಭಾರ ಕಡಿಮೆಯಾಗುತ್ತ ಬಂತು. ಆದರೂ ನನ್ನ ಕೈಯನ್ನು ತೆಗೆಯುವ ಧೈರ್ಯ ನನಗಿರಲಿಲ್ಲ. ಬಿದ್ದರೆ ಏನು ಗತಿ? ಅತ್ತೆಯವರಿಗೂ ಅದೇ ಭಯವಿತ್ತೆಂದು ಅವರ ಉಸಿರಿನಲ್ಲಿ ಗೊತ್ತಾಗುತ್ತಿತ್ತು.

ನಾಗರ ಪಂಚಮಿ ಕಳೆದ ಮೇಲೆ ಒಂದು ದಿನ. ಈ ವೇಳೆಗೆ ಅವರು ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡುತ್ತಿದ್ದರು. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡರು, ನೀರೆರೆದರು, ವಿಭೂತಿ ಹಚ್ಚಿದರು. ಪತ್ರೆಗೆ ಚಾಚಿದ ಬಲಗೈಯನ್ನು ಹಿಂದಕ್ಕೆ ತೆಗೆದುಕೊಂಡರು. ನಾನು ಗೋಡೆಯ ಬಿರುಕು ನೋಡುತ್ತಿದ್ದೆ.

"ಕೈ ಬುಡಿ," ಎಂದಿತು ಒಂದು ದನಿ.

ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕಂಬಕ್ಕೆ ಹೇಳಿದ್ದಲ್ಲ, ಮಗಳಿಗೆ ಹೇಳಿದ್ದಲ್ಲ. ನಾನು ತಿರುಗಿ ನೋಡಿದೆ. ಅತ್ತೆಯವರು ಲಿಂಗದ ಮೇಲಿಟ್ಟ ಕಣ್ಣು ತೆಗೆದಿರಲಿಲ್ಲ. ನನ್ನ ಕೈಯನ್ನು ಒಂದು ಬೆರಳಷ್ಟು ಕೆಳಗಿಳಿಸಿದೆ. ಅವರ ಅಂಗೈ ನಡುಗಿತು, ತಗ್ಗಿತು, ನನಗೆ ತಾಗುವಷ್ಟಕ್ಕೆ ಬಂದು ನಿಂತಿತು.

"ಇನ್ನೂ ಕೆಳಕ್ಕೆ."

ಗೇಣುದ್ದ ಇಳಿಸಿದೆ.

"ಇನ್ನೂ."

ನೆಲಕ್ಕೆ ತಾಗಿಸಿದೆ. ಅವರ ಕೈ ಗಾಳಿಯಲ್ಲಿ ಒಂಟಿಯಾಗಿ ನಡುಗುತ್ತ ನಿಂತಿತ್ತು. ಪತ್ರೆ ಏರಿತು. ಹಣೆಯಿಂದ ಬೆವರು ಮೂಗಿನ ತುದಿಗೆ ಬಂತು. ಎಷ್ಟು ಹೊತ್ತು ಹಾಗೆ ಹಿಡಿದಿದ್ದರೋ ತಿಳಿಯದು. ನಾನಂತೂ ಉಸಿರು ಬಿಟ್ಟದ್ದು ಲಿಂಗ ಕರಡಿಗೆಗೆ ಹೋಗಿ ಮುಚ್ಚಳ ಬಿದ್ದ ಮೇಲೆ.

ಮಾರನೆಯ ಬೆಳಿಗ್ಗೆ ಕೊರಳಿನಿಂದ ಕೆಳಕ್ಕೆ ಎರಡು ಬಿಂದಿಗೆ ನೀರು ಸುರಿದುಕೊಂಡು ಒದ್ದೆ ಪಂಚೆಯಲ್ಲಿ ನಡುಮನೆಗೆ ಬಂದೆ. ಅತ್ತೆಯವರ ಪೂಜೆ ಆಗಲೇ ಮುಗಿದುಹೋಗಿತ್ತು. ಒಲೆಯ ಹತ್ತಿರ ಕುಳಿತು ರಾಗಿ ಗಂಜಿ ಕುಡಿಯುತ್ತಿದ್ದರು. ಲೋಟವನ್ನು ಎಡಗೈಯಿಂದ ಹಿಡಿದು, ಬಲಗೈಯನ್ನು ಅಡಿಗೆ ಕೊಟ್ಟಿದ್ದರು. ನನ್ನನ್ನು ಯಾರೂ ಕರೆದಿರಲಿಲ್ಲ, ಕರೆಯುವ ಅಗತ್ಯವೂ ಇರಲಿಲ್ಲ. ನನ್ನನ್ನು ಕಂಡು ಅವರು ಸೆರಗೆಳೆದುಕೊಂಡು ಆ ಕಡೆಗೆ ತಿರುಗಿದರು. ಅಲ್ಲಿಂದ ಅವರು ಇನ್ನೂ ಹನ್ನೊಂದು ವರ್ಷ ಬದುಕಿದ್ದರು, ನನ್ನ ಜೊತೆ ಮತ್ತೆಂದೂ ಮಾತಾಡಲಿಲ್ಲ.

ನಾನು ಹಿತ್ತಿಲಿಗೆ ಹೋಗಿ ಬಿಸಿಲಲ್ಲಿ ನಿಂತೆ. ಎರಡೂವರೆ ತಿಂಗಳ ಕೆಲಸ ಮುಗಿದಿತ್ತು, ಸಂತೋಷಪಡಬೇಕಾಗಿತ್ತು, ಪಟ್ಟೆ ಕೂಡ. ಆದರೂ ಕಣ್ಣೀರು ಬರುತ್ತಿತ್ತು, ನಿಲ್ಲುತ್ತಿರಲಿಲ್ಲ. ಕೂಸನ್ನೆತ್ತಿಕೊಂಡು ಬಂದ ಪಾರ್ವತಿ ಯಾಕೆಂದು ಕೇಳಿದಳು. ಸೀಗೆಪುಡಿ ಕಣ್ಣಿಗೆ ಬಿತ್ತು ಎಂದೆ. ಅವಳು ನೀರೇ ತಾಗದ ನನ್ನ ತಲೆಗೂದಲನ್ನು ಒಮ್ಮೆ ನೋಡಿ, ಕೂಸನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು.